ಒಂದು ಕೋಟಿಗೆ ಏಳು ಮಂದಿ

ಹತ್ತಿರದವರು ತೀರಿಕೊಂಡ ಮೊದಲ 24 ಗಂಟೆಗಳಲ್ಲಿ ಉಳಿದವರಿಗೆ ಹೃದಯಾಘಾತವಾಗುವ ಅಪಾಯ ಮಾಮೂಲಿ ದಿನಗಳಿಗಿಂತ 21 ಪಟ್ಟು ಹೆಚ್ಚು. 2012ರಲ್ಲಿ ಬೋಸ್ಟನ್ನಿನ ಸಂಶೋಧಕರು ಪ್ರಕಟಿಸಿದ ಲೆಕ್ಕ ಇದು. ಹೃದಯಾಘಾತವಾಗಿ ಬದುಕುಳಿದ 1,985 ಜನರನ್ನು ಅವರು ಆಸ್ಪತ್ರೆಯಲ್ಲೇ ಮಾತಾಡಿಸಿದ್ದರು. ಅವರಲ್ಲಿ 270 ಮಂದಿ ಹಿಂದಿನ ಆರು ತಿಂಗಳಲ್ಲಿ ತಮ್ಮವರೊಬ್ಬರನ್ನು ಕಳೆದುಕೊಂಡಿದ್ದರು. 19 ಮಂದಿಗೆ ಹೃದಯಾಘಾತವಾದದ್ದು ಸಾವು ಸಂಭವಿಸಿ ಒಂದು ದಿನ ಕಳೆಯುವ ಮೊದಲೇ. 21 ಪಟ್ಟು ಎಂದಾಕ್ಷಣ ಗಾಬರಿಯಾಗಬೇಕಿಲ್ಲ. ಹೃದಯ ಗಟ್ಟಿಯಿರುವವರಲ್ಲಿ ಇಂಥ ಸಾವನ್ನು ಎದುರಿಸಿದ ಸುಮಾರು 1,400 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹೆಚ್ಚುವರಿಯಾಗಿ ಈ ಗತಿ ಬರುತ್ತದೆ. ಆದರೂ ಒಂದು ಸುದ್ದಿ, ಬರಿಯ ಮಾತಿನಲ್ಲಿ ಬಂದ ಸುದ್ದಿ, ಒಂದು ದಿನದೊಳಗೆ ರಕ್ತನಾಳದವರೆಗೆ ಇಳಿಯುತ್ತದೆ ಎನ್ನುವುದನ್ನು ಈ ಅಂಕಿ ಹೇಳುವಷ್ಟು ಸ್ಪಷ್ಟವಾಗಿ ಬೇರೇನೂ ನನಗೆ ಹೇಳಿಲ್ಲ.

ಅದಕ್ಕೂ ಬಹಳ ಮೊದಲು, 1969ರಲ್ಲಿ, ಬ್ರಿಟನ್ನಿನ ಮನೋವೈದ್ಯ ಕಾಲಿನ್ ಮರ‍್ರೆ ಪಾರ್ಕ್ಸ್ ಮತ್ತು ಸಂಗಡಿಗರು ಹೆಂಡತಿಯನ್ನು ಕಳೆದುಕೊಂಡ 4,486 ಗಂಡಸರ ದಾಖಲೆಗಳನ್ನು ಹಿಂಬಾಲಿಸಿದ್ದರು. ಎಲ್ಲರೂ ಐವತ್ತೈದು ದಾಟಿದವರು. ಮೊದಲ ಆರು ತಿಂಗಳಲ್ಲೇ 213 ಮಂದಿ ಹೆಂಡತಿಯ ಹಿಂದೆಯೇ ಹೋದರು. ಆ ವಯಸ್ಸಿನ, ಹೆಂಡತಿ ಬದುಕಿರುವ ಗಂಡಸರಲ್ಲಿ ಆಗುವ ಸಾವಿಗಿಂತ ಇದು ಶೇ 40ರಷ್ಟು ಹೆಚ್ಚು. ಅಜ್ಜಿ ಹೋದ ಮೂರೇ ತಿಂಗಳಿಗೆ ಅಜ್ಜನೂ ಹೋದ ಎನ್ನುವ ಮಾತು ಕೇಳದ ಮನೆ ನಮ್ಮಲ್ಲಿ ಯಾವುದಿದೆ?

ಈಗ ಇದನ್ನು ನಮ್ಮ ದೇಶದ ಅಳತೆಗೆ ಹಿಗ್ಗಿಸಿ ನೋಡೋಣ. ಭಾರತದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳು ಸುಮಾರು 81 ಲಕ್ಷ. ಮರುವರ್ಷ, ಕೋವಿಡ್‌ನ ಎರಡನೇ ಅಲೆಯ 2021ರಲ್ಲಿ, ಅದು ಒಂದು ಕೋಟಿ ದಾಟಿತು. 81 ಲಕ್ಷವನ್ನೇ ಇಟ್ಟುಕೊಂಡರೂ ದಿನಕ್ಕೆ 22 ಸಾವಿರ, ನಿಮಿಷಕ್ಕೆ 15. ಒಂದು ಸಾವಿಗೆ ಅಳುವವರು ಎಷ್ಟು ಮಂದಿ? ಅಮೆರಿಕದ ಜನಸಂಖ್ಯಾ ತಜ್ಞರು 2020ರಲ್ಲಿ ಕೋವಿಡ್ ಸಾವುಗಳಿಗಾಗಿ ಇದನ್ನೇ ಲೆಕ್ಕ ಹಾಕಿ ಒಂದು ಸಾವಿಗೆ ಒಂಬತ್ತು ಮಂದಿ ಎಂದರು. ಗಂಡ ಅಥವಾ ಹೆಂಡತಿ, ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳು, ಮೊಮ್ಮಕ್ಕಳು, ಇಷ್ಟೇ ಆ ಒಂಬತ್ತರೊಳಗೆ ಬರುವವರು. ಸೋದರಮಾವ ಇಲ್ಲ, ಚಿಕ್ಕಮ್ಮ ಇಲ್ಲ, ಬಾಲ್ಯದ ಗೆಳತಿ ಇಲ್ಲ, ಹೊತ್ತು ಹೊತ್ತಿಗೆ ಊಟ ತಂದಿಟ್ಟ ಪಕ್ಕದ ಮನೆಯಾಕೆ ಇಲ್ಲ. ನಮ್ಮ ಕುಟುಂಬಗಳಿಗೆ ಇದು ಕಡಿಮೆ ಎನಿಸಿದರೂ ಹಾಗೇ ಇಟ್ಟುಕೊಂಡರೆ ವರ್ಷಕ್ಕೆ 7 ಕೋಟಿ 30 ಲಕ್ಷ. ಕರ್ನಾಟಕದ ಒಟ್ಟು ಜನಸಂಖ್ಯೆಗಿಂತ ಹೆಚ್ಚು ಮಂದಿ ಪ್ರತಿ ವರ್ಷ ಹೊಸದಾಗಿ ಶೋಕಕ್ಕೆ ಬೀಳುತ್ತಿದ್ದಾರೆ. ಹೋದ ವರ್ಷದವರು, ಅದರ ಹಿಂದಿನ ವರ್ಷದವರು ಇದಕ್ಕೆ ಸೇರಿಲ್ಲ.

ಇಷ್ಟು ಜನರ ದುಃಖವನ್ನು ಕೂತು ಕೇಳಲು ತರಬೇತಾದವರು ಎಷ್ಟು ಮಂದಿ ಇದ್ದಾರೆ? ವಿಶ್ವ ಆರೋಗ್ಯ ಸಂಸ್ಥೆಯ 2017ರ ಮಾನಸಿಕ ಆರೋಗ್ಯ ಅಟ್ಲಾಸ್ ಪ್ರಕಾರ ಭಾರತದಲ್ಲಿ ಲಕ್ಷ ಜನಕ್ಕೆ ಮನಶ್ಶಾಸ್ತ್ರಜ್ಞರ ಪ್ರಮಾಣ 0.07. ಸೊನ್ನೆ ಬಿಂದು ಸೊನ್ನೆ ಏಳು ಎಂದರೆ ಮನಸ್ಸಿಗೆ ನಾಟುವುದಿಲ್ಲ. ನೂರರಿಂದ ಗುಣಿಸಿದರೆ ಒಂದು ಕೋಟಿ ಜನರಿಗೆ ಏಳು ಮಂದಿ. ಮನೋವೈದ್ಯರು ಇಪ್ಪತ್ತೊಂಬತ್ತು ಮಂದಿ. ಮಾನಸಿಕ ಆರೋಗ್ಯ ಕ್ಷೇತ್ರದ ಸಮಾಜ ಕಾರ್ಯಕರ್ತರು ಆರು ಮಂದಿ. ಆಮೇಲಿನ ವರ್ಷಗಳಲ್ಲಿ ಈ ಸಂಖ್ಯೆ ಏರಿದೆ. ನಿಮ್ಹಾನ್ಸ್ ಇರುವ ಬೆಂಗಳೂರು ಮೊದಲಿನಿಂದಲೂ ಸರಾಸರಿಗಿಂತ ಮೇಲೆಯೇ ಇದೆ. ಆದರೆ ಬೀದರಿನ ಔರಾದಿಗೋ ಚಾಮರಾಜನಗರದ ಹನೂರಿಗೋ ಆ ಬೆಂಗಳೂರಿನಿಂದ ಏನು ಬಂತು?

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು, ಇಲ್ಲದಿದ್ದರೆ ಈ ಅಂಕಿಗಳು ಸುಮ್ಮನೆ ಹೆದರಿಸುತ್ತವೆ. ಶೋಕ ಕಾಯಿಲೆಯಲ್ಲ. ಹೆಚ್ಚಿನವರಿಗೆ ಆಪ್ತಸಮಾಲೋಚಕರ ಅಗತ್ಯವೇ ಬೀಳುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಬೊನಾನೊ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ 205 ಮಂದಿಯಿದ್ದರು. ಸಾವಿಗೆ ವರ್ಷಗಳ ಮೊದಲೇ ಅವರ ಮನಃಸ್ಥಿತಿಯನ್ನು ಅಳೆದಿಟ್ಟಿದ್ದರಿಂದ ಮುಂಚೆ ಹೇಗಿದ್ದರು, ಆಮೇಲೆ ಹೇಗಾದರು ಎಂದು ಹೋಲಿಸಲು ಸಾಧ್ಯವಾಯಿತು. ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ದುಃಖಪಟ್ಟರೂ ಕುಸಿಯದೆ ನಿಂತಿದ್ದರು. 2008ರಲ್ಲಿ ಶೋಕ ಸಮಾಲೋಚನೆಯ 61 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕಳೆದುಕೊಂಡವರಿಗೆಲ್ಲ ಕಡ್ಡಾಯ ಎಂಬಂತೆ ಸಮಾಲೋಚನೆ ಕೊಟ್ಟರೆ ಪ್ರಯೋಜನ ಅಷ್ಟಕ್ಕಷ್ಟೇ, ನಿಜವಾಗಿ ಒದ್ದಾಡುತ್ತಿರುವವರಿಗೆ ಕೊಟ್ಟಾಗ ಫಲ ಕಾಣುತ್ತದೆ ಎಂದು ತಿಳಿದುಬಂತು. ಆಘಾತದ ಮರುದಿನವೇ ಜನರನ್ನು ಕೂರಿಸಿಕೊಂಡು ಆದದ್ದನ್ನೆಲ್ಲ ಹೇಳಿಸುವ ಒಂದೇ ಬಾರಿಯ ಸಭೆಗಳಂತೂ ಕೆಲವರಿಗೆ ಹಾನಿಯನ್ನೇ ಮಾಡುತ್ತವೆ. ಇಂಥದು ಬೇಡ ಎಂದು 2002ರಲ್ಲೇ ಸಂಶೋಧನಾ ಪರಾಮರ್ಶೆಗಳು ಹೇಳಿವೆ.

ಆ ಮೊದಲ ದಿನಗಳಿಗೆ ಬೇಕಾದ ಆಸರೆ ನಮ್ಮಲ್ಲಿ ಮೊದಲಿನಿಂದಲೂ ಇದೆ: ಮೂರನೇ ದಿನದ ಹಾಲುತುಪ್ಪ, ಹನ್ನೊಂದು, ವೈಕುಂಠ ಸಮಾರಾಧನೆ, ಮಾಸಿಕ, ವರ್ಷದ ತಿಥಿ, ಮುಸ್ಲಿಂ ಮನೆಗಳ ನಲವತ್ತನೇ ದಿನ, ಇಗರ್ಜಿಯ ತಿಂಗಳ ಪೂಜೆ. ಇವೆಲ್ಲ ಇಂತಿಷ್ಟು ದಿನಕ್ಕೊಮ್ಮೆ ಬಾಗಿಲಿಗೆ ಜನರನ್ನು ಕರೆತರುತ್ತವೆ. ಕೋಟಿಗಟ್ಟಲೆ ಮನೆಗಳಲ್ಲಿ ಸಂಬಳವಿಲ್ಲದೆ ನಡೆಯುವ ಈ ಕೆಲಸವನ್ನು ಯಾವ ಸರ್ಕಾರವೂ ಹಣ ಕೊಟ್ಟು ನಡೆಸಲಾರದು.

ಸಮಾಲೋಚಕರು ಬೇಕಾಗುವುದು ಇವೆಲ್ಲ ಮುಗಿದ ಮೇಲೆ, ಜನ ಬರುವುದು ನಿಂತ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಾಗ 'ದೀರ್ಘಕಾಲದ ಶೋಕ'ವನ್ನು ಮೊದಲ ಬಾರಿಗೆ ಪ್ರತ್ಯೇಕ ತೊಂದರೆಯೆಂದು ಗುರುತಿಸಿತು. ಅಮೆರಿಕದ ಮನೋವೈದ್ಯರ ಕೈಪಿಡಿಯೂ ಅದೇ ವರ್ಷದ ಮಾರ್ಚ್‌ನಲ್ಲಿ ಸೇರಿಸಿತು. ಮೊದಲನೆಯದು ಕನಿಷ್ಠ ಆರು ತಿಂಗಳು ಕಾಯಬೇಕೆನ್ನುತ್ತದೆ, ಎರಡನೆಯದು ದೊಡ್ಡವರಿಗೆ ಒಂದು ವರ್ಷ. ಆ ಅವಧಿ ದಾಟಿದ ಮೇಲೂ ಹಂಬಲ ಮೊದಲ ವಾರದಷ್ಟೇ ಹಸಿಯಾಗಿರುವುದು, ಮಗ ಬಿದ್ದ ರಸ್ತೆಯನ್ನು ತಪ್ಪಿಸಲು ತಾಯಿ ದಿನವೂ ಸುತ್ತು ಬಳಸಿ ಹೋಗುವುದು, ಇನ್ನು ನಾನಿದ್ದು ಏನು ಎಂಬ ಮಾತು ಬಾಯಿಗೆ ಬಂದುಬಿಟ್ಟಿರುವುದು. 2017ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟು ಮಾಡಿದವರು, ಸಹಜ ಕಾರಣಗಳ ಸಾವಿನ ನಂತರ ಹತ್ತರಲ್ಲಿ ಒಬ್ಬರು ಈ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುತ್ತಾರೆಂದು ಅಂದಾಜಿಸಿದರು. ಇಡೀ ಜನಸಮುದಾಯದಿಂದ ಮಾದರಿ ತೆಗೆದ ಸಮೀಕ್ಷೆಗಳಲ್ಲಿ ಪ್ರಮಾಣ ಇದಕ್ಕಿಂತ ಕಡಿಮೆ ಬಂದಿದೆ. ಆದರೆ 2020ರಲ್ಲಿ ಅಪಘಾತ, ಆತ್ಮಹತ್ಯೆ, ಕೊಲೆ, ದುರಂತಗಳ ಸಾವನ್ನಷ್ಟೇ ತೆಗೆದುಕೊಂಡು ಲೆಕ್ಕ ಹಾಕಿದಾಗ ಬಂದ ಅಂಕಿ ಶೇ 49. ಇಬ್ಬರಲ್ಲಿ ಒಬ್ಬರು. ಈ ವಿಷಯದಲ್ಲಿ ನಾನು ಓದಿದ ಅಂಕಿಗಳಲ್ಲೆಲ್ಲ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಇದೇ.

ಹಾಗಾದರೆ ಚಿಕಿತ್ಸೆ ಇದೆಯೇ? ಇದೆ, ಅದರ ಉದ್ದವೂ ಗೊತ್ತಿದೆ. ಅಮೆರಿಕದ ಮನೋವೈದ್ಯೆ ಕ್ಯಾಥರೀನ್ ಶಿಯರ್ ರೂಪಿಸಿದ ಕ್ರಮದಲ್ಲಿ 16 ಭೇಟಿಗಳಿವೆ. ಅವುಗಳಲ್ಲಿ ಕೆಲವನ್ನು ಹತ್ತಿರದಿಂದ ನೋಡಬೇಕು. ಬಂದವರು ಕಣ್ಣು ಮುಚ್ಚಿಕೊಂಡು ಸಾವಿನ ಸುದ್ದಿ ತಿಳಿದ ಗಳಿಗೆಯಿಂದ ಕಥೆ ಶುರು ಮಾಡುತ್ತಾರೆ. ಫೋನ್ ಎಲ್ಲಿತ್ತು, ಯಾರು ಎತ್ತಿದರು, ಒಲೆಯ ಮೇಲೆ ಏನಿತ್ತು, ಆಮೇಲೆ ಏನಾಯಿತು, ಎಲ್ಲವನ್ನೂ ಈಗಲೇ ನಡೆಯುತ್ತಿರುವಂತೆ ಹೇಳಬೇಕು. ಹತ್ತು ನಿಮಿಷದಷ್ಟು ಹೊತ್ತು. ಸಮಾಲೋಚಕರು ನಡುವೆ ಸಮಾಧಾನ ಹೇಳುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಸಂಕಟ ಎಷ್ಟಿದೆ ಎಂದು ಆಗಾಗ ಒಂದು ಅಂಕಿ ಕೇಳುತ್ತಾರೆ, ಅಷ್ಟೇ. ಕಥೆ ಧ್ವನಿಮುದ್ರಣವಾಗುತ್ತದೆ. ಅದನ್ನು ಮನೆಗೆ ಒಯ್ದು ದಿನವೂ ಕೇಳಬೇಕು, ಮುಂದಿನ ಭೇಟಿಯಲ್ಲಿ ಮತ್ತೆ ಹೇಳಬೇಕು. ಮೊದಲ ಸಲ ಬಾಯಿಗೇ ಬಾರದ ತುಣುಕೊಂದು ಮೂರನೆಯ ಸಲವೋ ನಾಲ್ಕನೆಯ ಸಲವೋ ಹೊರಬರಬಹುದು: ಕೊನೆಯ ಬಾರಿ ಮಾತಾಡಿದಾಗ ನಾನು ಸಿಡುಕಿದ್ದೆ, ಅಂತ. ಇನ್ನೊಂದು ಭೇಟಿಯಲ್ಲಿ ತೀರಿಕೊಂಡವರ ಜೊತೆಗೇ ಮನಸ್ಸಿನಲ್ಲಿ ಮಾತಾಡಿಸಿ, ಅವರ ಪರವಾಗಿ ಉತ್ತರವನ್ನೂ ಕೊಡಿಸುತ್ತಾರೆ. 2005ರಲ್ಲಿ 95 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಈ ಕ್ರಮದಿಂದ ಶೇ 51ರಷ್ಟು ಜನ ಸುಧಾರಿಸಿದರು. ಖಿನ್ನತೆಗೆ ಬಳಸುವ ಇನ್ನೊಂದು ಮಾತಿನ ಚಿಕಿತ್ಸೆಯಿಂದ ಶೇ 28. ನಮ್ಮ ಸಾವಿನ ಮನೆಗಳಲ್ಲಿ ಕೇಳಿಬರುವ "ಅದನ್ನೇ ನೆನೆಸ್ಕೋಬೇಡ, ಹೋದವರು ಹೋದರು, ಇರೋರನ್ನ ನೋಡ್ಕೊ" ಎಂಬ ಮಾತಿಗೆ ಇದು ನೇರ ವಿರುದ್ಧ ದಿಕ್ಕು.

16 ಭೇಟಿ ಎಂಬ ಸಂಖ್ಯೆ ಕೈಗೆ ಸಿಕ್ಕ ಮೇಲೆ ಉಳಿದದ್ದು ಬರಿಯ ಗಣಿತ. ಇಂಥ ಕಥೆಗಳನ್ನು ದಿನಕ್ಕೆ ಐದಕ್ಕಿಂತ ಹೆಚ್ಚು ಕೇಳುವುದು ಯಾರಿಗೂ ಒಳ್ಳೆಯದಲ್ಲ. ವಾರಕ್ಕೆ ಐದು ದಿನ, ವರ್ಷಕ್ಕೆ 48 ವಾರ ಎಂದರೆ 1,200 ಭೇಟಿ. ಹದಿನಾರರಿಂದ ಭಾಗಿಸಿದರೆ 75. ಒಬ್ಬ ಪೂರ್ಣಾವಧಿ ಸಮಾಲೋಚಕಿ ವರ್ಷಪೂರ್ತಿ ದುಡಿದರೆ ಶೋಕದಿಂದ ಈಚೆಗೆ ಕರೆತರಲು ಸಾಧ್ಯವಿರುವುದು 75 ಜನರನ್ನು. ಕರ್ನಾಟಕದಲ್ಲಿ ವರ್ಷಕ್ಕೆ ಸುಮಾರು 5 ಲಕ್ಷ ಸಾವು. ಒಂಬತ್ತರಿಂದ ಗುಣಿಸಿದರೆ 45 ಲಕ್ಷ. ಹತ್ತರಲ್ಲೊಬ್ಬರು ಬೇಡ, ಇಪ್ಪತ್ತರಲ್ಲಿ ಒಬ್ಬರಿಗೆ ಮಾತ್ರ ನೆರವು ಬೇಕು ಎಂದರೂ ಎರಡೂಕಾಲು ಲಕ್ಷ ಮಂದಿ. ಅವರಿಗಾಗಿ 3,000 ಸಮಾಲೋಚಕರು ಬೇಕು, ಶೋಕವೊಂದಕ್ಕೇ. ಖಾಸಗಿಯಾಗಿ ನೋಡಿಸಿಕೊಳ್ಳುವವರು ಭೇಟಿಗೆ 1,500 ರೂಪಾಯಿ ಕೊಟ್ಟರು ಅಂತಿಟ್ಟುಕೊಳ್ಳಿ. 16 ಭೇಟಿಗೆ 24,000. ಉದ್ಯೋಗ ಖಾತರಿಯಲ್ಲಿ 2025-26ರಲ್ಲಿದ್ದ 370 ರೂಪಾಯಿ ಕೂಲಿಯ ಲೆಕ್ಕದಲ್ಲಿ ಅದು 65 ದಿನದ ದುಡಿಮೆ.

ಅಷ್ಟು ಕೊಟ್ಟು ಹೋದರೂ ಎದುರಿಗೆ ಕೂತವರು ಏನು ಓದಿದ್ದಾರೆಂದು ತಿಳಿಯುವ ದಾರಿ ಈ ದೇಶದಲ್ಲಿ ಬಹಳ ಕಾಲ ಇರಲಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬರೆದುಕೊಳ್ಳಲು ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಆದರೆ ಕೌನ್ಸೆಲರ್ ಎಂಬ ಬೋರ್ಡಿಗೆ ಯಾವ ಪರವಾನಗಿಯೂ ಬೇಕಿರಲಿಲ್ಲ. ಸಂಸತ್ತು 2021ರಲ್ಲಿ ಸಹವರ್ತಿ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ತಂದು ಇವರನ್ನೂ ಅದರ ವ್ಯಾಪ್ತಿಗೆ ಸೇರಿಸಿದೆ. ಆ ನೋಂದಣಿ ಊರೂರಿಗೆ ತಲುಪುವುದು ಇನ್ನೂ ಬಾಕಿ.

ಶೋಕದ ವೈದ್ಯಕೀಯ ಅಧ್ಯಯನ ಹುಟ್ಟಿದ್ದೇ ಬೆಂಕಿಯಲ್ಲಿ. 1942ರ ನವೆಂಬರ್ 28ರ ರಾತ್ರಿ ಬೋಸ್ಟನ್ನಿನ ಕೊಕೊನಟ್ ಗ್ರೋವ್ ಎಂಬ ನೈಟ್‌ಕ್ಲಬ್ ಹೊತ್ತಿ ಉರಿದು 492 ಜನ ಸತ್ತರು. ಉಳಿದವರನ್ನೂ ಸತ್ತವರ ಮನೆಯವರನ್ನೂ ನೋಡಿದ ಮನೋವೈದ್ಯ ಎರಿಕ್ ಲಿಂಡೆಮನ್, ಬೇರೆ ಸಾವುಗಳಲ್ಲಿ ನೊಂದವರನ್ನೂ ಸೇರಿಸಿ, 101 ಮಂದಿಯನ್ನು ಆಧರಿಸಿ 1944ರಲ್ಲಿ ಬರೆದ ಲೇಖನದಿಂದ ಈ ಶಾಸ್ತ್ರ ಆರಂಭವಾಯಿತು. ಎಂಟು ಹತ್ತು ಭೇಟಿ, ನಾಲ್ಕಾರು ವಾರ ಸಾಕು ಎಂದು ಅವರು ನಂಬಿದ್ದರು. ಭಾರತದಲ್ಲಿ ಈ ಬಗೆಯ ಅಧ್ಯಯನಕ್ಕೆ ನಾಂದಿಯಾದದ್ದೂ ಬೆಂಕಿಯೇ, ಅದೂ ನಮ್ಮ ಬೆಂಗಳೂರಿನದು. 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಮಕ್ಕಳು. ಆ ಮಕ್ಕಳ ಮನೆಯವರ ಶೋಕವನ್ನು ಅಧ್ಯಯನ ಮಾಡಿದ ನಿಮ್ಹಾನ್ಸ್‌ನವರ ಲೇಖನ 1987ರಲ್ಲಿ ಸಂಸ್ಥೆಯ ಜರ್ನಲ್‌ನಲ್ಲಿ ಬಂತು. ದುರಂತಗಳ ಮಾನಸಿಕ ಪರಿಣಾಮದ ಮೇಲೆ ಈ ದೇಶದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೊಂದು. ಬೆಂಗಳೂರಿನ ಹಳಬರಿಗೆ ಆ ಬೆಂಕಿ ನೆನಪಿದೆ. ಅದರಿಂದ ಒಂದು ವಿದ್ಯೆ ಮೊಳೆತದ್ದು ಬಹಳ ಜನಕ್ಕೆ ಗೊತ್ತಿಲ್ಲ.

1984ರ ಡಿಸೆಂಬರಿನಲ್ಲಿ ಭೋಪಾಲದ ಅನಿಲ ದುರಂತವಾದಾಗ ಮಧ್ಯಪ್ರದೇಶದ ಐದು ವೈದ್ಯಕೀಯ ಕಾಲೇಜುಗಳ ಪೈಕಿ ಒಂದರಲ್ಲೂ ಮನೋವೈದ್ಯರಿರಲಿಲ್ಲ. ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟರು. ಅದೇ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಯ ಮೂಲಕವೇ ಮಾನಸಿಕ ಆರೋಗ್ಯ ಸೇವೆ ನಡೆಸಿ ತೋರಿಸಲಾಯಿತು. 1996ರಲ್ಲಿ ಶುರುವಾದ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ನಿಮ್ಹಾನ್ಸ್ ತಂಡಗಳು ಊರಿನವರನ್ನೇ ಈ ಕೆಲಸಕ್ಕೆ ಅಣಿಗೊಳಿಸಿದವು. ಒಂದು ಕೋಟಿಗೆ ಏಳು ಮಂದಿಯಿರುವ ದೇಶದಲ್ಲಿ ಬೇರೆ ದಾರಿಯೂ ಇರಲಿಲ್ಲ. ಈಗ ರಾಜ್ಯದ ಎಲ್ಲ ಜಿಲ್ಲೆಗಳಲ್ಲಿ ಆ ಕಾರ್ಯಕ್ರಮವಿದೆ. 'ಮನೋಚೈತನ್ಯ' ಹೆಸರಿನಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. 14416 ಸಂಖ್ಯೆಯ ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಆರಂಭವಾಗಿ ಎರಡೂವರೆ ವರ್ಷದಲ್ಲಿ 20 ಲಕ್ಷದ ಆಸುಪಾಸು ಕರೆಗಳಿಗೆ ಉತ್ತರಿಸಿದೆ. ಅದು ಕನ್ನಡದಲ್ಲೂ ಮಾತಾಡುತ್ತದೆ, ಹಗಲೂ ರಾತ್ರಿಯೂ. ಆದರೆ ದೀರ್ಘ ಶೋಕದಲ್ಲಿ ಸಿಕ್ಕಿಕೊಂಡವರು ತಾವಾಗಿ ಫೋನ್ ಎತ್ತಿಕೊಳ್ಳುವುದು ಕಡಿಮೆ. ತಮಗೇನೋ ಆಗಿದೆ ಎಂದು ಅವರಿಗೆ ಅನಿಸುವುದೇ ಇಲ್ಲ. ಆಗಿರುವುದು ಸತ್ತವನಿಗೆ, ನನಗಲ್ಲ ಎನ್ನುತ್ತಾರೆ.

ಶವವೇ ಸಿಗದಿದ್ದಾಗ ಇದು ಇನ್ನೂ ಬಿಗಿಯಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಗಂಗಾವಳಿಗೆ ಬಿದ್ದಿದ್ದ ಲಾರಿಯೊಂದು, ಒಳಗೆ ಚಾಲಕನ ದೇಹದೊಡನೆ, ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಎಪ್ಪತ್ತೊಂದು ದಿನ. ಆ ಎಪ್ಪತ್ತೊಂದು ದಿನ ಮನೆಯವರು ಅಳಬೇಕೋ ಕಾಯಬೇಕೋ? ಸೂತಕ ಯಾವತ್ತಿನಿಂದ ಎಣಿಸುವುದು? ಇಂಥ ನಷ್ಟದ ಬಗ್ಗೆ ಅಮೆರಿಕದ ಪಾಲಿನ್ ಬಾಸ್ 1970ರ ದಶಕದಿಂದಲೂ ಬರೆಯುತ್ತ ಬಂದಿದ್ದಾರೆ. ಹೋದರು ಎಂದು ಹೇಳಿಸುವ ಅವಸರ ಬೇಡ, ಹೋಗಿರಬಹುದು, ಇರಲೂಬಹುದು ಎಂಬ ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಬದುಕಲು ಜೊತೆಯಾಗಬೇಕು ಎನ್ನುವುದು ಅವರ ವಿಧಾನ.

3,000 ಸಮಾಲೋಚಕರು ನಾಳೆಯೇ ಸಿಗುವುದಿಲ್ಲ. ಹಾಗಾಗಿ ಅತಿ ಹೆಚ್ಚು ಪೆಟ್ಟು ತಿಂದವರಿಂದ ಆರಂಭಿಸಬೇಕು ಎಂದು ನನಗೆ ಅನಿಸುತ್ತದೆ, ಆ ಇಬ್ಬರಲ್ಲೊಬ್ಬರಿಂದ. ಕರ್ನಾಟಕದಲ್ಲಿ 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡವರು 13,606. ಅದೇ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು 11,702. ಕೂಡಿದರೆ 25,308, ದಿನಕ್ಕೆ 69. ಮನೆಯವರು ಎರಡೂಕಾಲು ಲಕ್ಷಕ್ಕೂ ಹೆಚ್ಚು, ಅವರಲ್ಲಿ ದೀರ್ಘ ಶೋಕಕ್ಕೆ ಬೀಳಬಹುದಾದವರು ಒಂದು ಲಕ್ಷ ಹತ್ತು ಸಾವಿರದಷ್ಟು. 75ರ ಲೆಕ್ಕದಲ್ಲಿ ಅವರಿಗೆ ಬೇಕಾದ ಸಮಾಲೋಚಕರು 1,500. ರಾಜ್ಯದ ಪ್ರಾಥಮಿಕ ಆರೋಗ್ಯ ಕೇಂದ್ರಗಳೇ ಎರಡು ಸಾವಿರಕ್ಕೂ ಹೆಚ್ಚಿವೆ. ಒಂದು ಕೇಂದ್ರಕ್ಕೆ ಒಬ್ಬರಂತೆಯೂ ಬೇಕಾಗುವುದಿಲ್ಲ. ಇಷ್ಟು ದೊಡ್ಡ ದುಃಖಕ್ಕೆ ಇಷ್ಟು ಚಿಕ್ಕ ಸಂಖ್ಯೆ ಸಾಕಾಗುತ್ತದೆಂದು ಲೆಕ್ಕ ಹಾಕುವವರೆಗೆ ನನಗೆ ಹೊಳೆದಿರಲಿಲ್ಲ.

ಹೀಗೆ ಪೆಟ್ಟು ತಿಂದವರನ್ನು ಹುಡುಕಿಕೊಂಡು ಹೋಗಬೇಕಾದ್ದೂ ಇಲ್ಲ. ಯಾವುದೇ ಜಿಲ್ಲಾಸ್ಪತ್ರೆಯ ಶವಾಗಾರದ ಮುಂದೆ ಬೆಳಿಗ್ಗೆ ಹತ್ತರ ಹೊತ್ತಿಗೆ ನಿಂತರೆ ಕಾಣುತ್ತಾರೆ. ಪೊಲೀಸರ ಕಾಗದ ಬರಬೇಕು, ಡಾಕ್ಟರು ಬರಬೇಕು. ಗಂಡಸರು ಆಂಬುಲೆನ್ಸಿನವನ ಹತ್ತಿರ ಬಾಡಿಗೆ ಮಾತಾಡುತ್ತಿರುತ್ತಾರೆ. ಹೆಂಗಸರು ಮರದ ಬುಡದಲ್ಲಿ, ಒಬ್ಬಾಕೆಯನ್ನು ಇಬ್ಬರು ಹಿಡಿದುಕೊಂಡು. ಹದಿನಾರೋ ಹದಿನೇಳೋ ವಯಸ್ಸಿನ ಹುಡುಗನೊಬ್ಬ ಅಪ್ಪನ ಬೈಕಿನ ಕೀ ಹಿಡಿದು ಯಾರೊಡನೆಯೂ ಮಾತಿಲ್ಲದೆ ನಿಂತಿರುತ್ತಾನೆ. ಆತ್ಮಹತ್ಯೆಯಾದರೆ ನೆಂಟರೂ ದೂರ ದೂರ. ಏನಾಯಿತು ಎಂದು ಕೇಳುವವರು ಪೊಲೀಸರು ಮಾತ್ರ. ಅಸಹಜ ಸಾವಿಗೆ ತನಿಖೆ ಕಡ್ಡಾಯ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಸೆಕ್ಷನ್, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 194. ಆ ಪಂಚನಾಮೆಯ ಹಾಳೆಗಳಲ್ಲಿ ಸತ್ತವರ ಹತ್ತಿರದ ಸಂಬಂಧಿಕರ ಹೆಸರು, ವಿಳಾಸ, ಫೋನ್ ನಂಬರು ಅವತ್ತೇ ಬರೆದಾಗಿರುತ್ತದೆ.

ಆ ಬೆಳಿಗ್ಗೆ ಅವರಿಗೆ ಸಮಾಲೋಚನೆ ಬೇಡ. ಕುಡಿಯಲು ನೀರು, ಕೂರಲು ನೆರಳು, ಶವ ಯಾವಾಗ ಕೊಡುತ್ತಾರೆಂದು ಸರಿಯಾಗಿ ಹೇಳುವ ಒಬ್ಬರು ಸಾಕು. ಆ ಒಬ್ಬರು ಮನೆಯವರನ್ನು ಕೇಳಿ, ಒಪ್ಪಿಗೆ ಪಡೆದು, ನಂಬರನ್ನು ಇನ್ನೊಂದು ಪುಸ್ತಕದಲ್ಲೂ ಬರೆದುಕೊಳ್ಳಲಿ. ತಿಂಗಳಾದ ಮೇಲೆ ಒಂದು ಕರೆ, ಆರು ತಿಂಗಳಾದ ಮೇಲೆ ಇನ್ನೊಂದು. ನಿದ್ದೆ ಬರುತ್ತಿದೆಯೇ, ಮಗ ಕಾಲೇಜಿಗೆ ಹೋಗುತ್ತಿದ್ದಾನೆಯೇ, ಆ ರಸ್ತೆಯಲ್ಲಿ ಓಡಾಡಲು ಆಗುತ್ತಿದೆಯೇ, ಬದುಕು ಬೇಡ ಅನಿಸುತ್ತಿದೆಯೇ ಎಂದು ಕೇಳಿ, ಬೇಕಾದವರನ್ನು ಮಂಗಳವಾರದ ಕ್ಲಿನಿಕ್ಕಿಗೋ ಜಿಲ್ಲಾ ಕಾರ್ಯಕ್ರಮದ ಸಮಾಲೋಚಕರ ಬಳಿಗೋ ಕಳಿಸಬೇಕು. 25,308 ಮನೆಗಳಿಗೆ ಎರಡೆರಡು ಕರೆ ಎಂದರೆ ವರ್ಷಕ್ಕೆ 50,616. 31 ಜಿಲ್ಲೆಗೆ ಹಂಚಿದರೆ ಜಿಲ್ಲೆಗೆ 1,633. ವರ್ಷಕ್ಕೆ 280 ಕೆಲಸದ ದಿನ ಎಂದುಕೊಂಡರೆ ದಿನಕ್ಕೆ ಆರು ಕರೆ. ಜಿಲ್ಲೆಗೆ ಒಬ್ಬರು, ಒಟ್ಟು 31 ಜನ. ಬೆಂಗಳೂರಿನಲ್ಲಿ ಇಂಥ ಸಾವುಗಳು ಹೆಚ್ಚು, ಅಲ್ಲಿಗೆ ಇನ್ನೂ ನಾಲ್ಕೈದು ಮಂದಿ ಬೇಕಾದೀತು.